ಎಡತೋಳಿನ ಕಪ್ಪು

ಕೆಂಪು, ಅಲ್ಲ, ಕಪ್ಪೇ, ಆದರೆ ಬಾಗಿಲ ಬಿಸಿಲು ಬಿದ್ದ ಕೂಡಲೇ ಕೋಟಿನ ಎಡತೋಳು ಹಳೇ ಇಟ್ಟಿಗೆಯ ಹಾಗೆ ಕೆಂಪಡರಿತಲ್ಲ, ಉಳಿದ ಮೈಯೆಲ್ಲ ಅಚ್ಚಗಪ್ಪು, ಅಯ್ಯೋ, ಟ್ಯೂಬ್‌ಲೈಟಿನ ಕೆಳಗೆ ಎರಡೂ ಒಂದೇ ಆಗಿದ್ದವು, ಬೀದಿಯೆಲ್ಲ ಟೈಲರಕ್ಕ ಎಂದು ಕರೆಯುವ ಅವಳು, ತಮ್ಮನ ಕೋಟಿಗೆ ಹೊಸ ಬಟ್ಟೆ ಸಾಲದ್ದಕ್ಕೆ, ತೀರಿಹೋದ ಅಪ್ಪನ ಹಳೇ ಕೋಟು ಬಿಚ್ಚಿ ಅದರ ತೋಳು ಕೂರಿಸಿದವಳು, ಬಿಸಿಲಿಗೆ ಹಿಡಿದು ನೋಡುವುದನ್ನೇ ಮರೆತಳು, ಈಗ ತಮ್ಮ ಸ್ನಾನ ಮುಗಿಸಿ ಬರುತ್ತಾನೆ, ಇವತ್ತೇ ಮೊದಲ ಸಲ ಕೋರ್ಟಿನಲ್ಲಿ ವಾದಕ್ಕೆ ನಿಲ್ಲುವ ವಕೀಲ, ಎಲ್ಲರೆದುರು ನಗೆಪಾಟಲಾಗುತ್ತಾನೆ, ಕತ್ತರಿ ಎಲ್ಲಿ, ಬಿಚ್ಚಬೇಕು — ಅಪ್ಪ ಆ ಹಳೇ ಕೋಟು ತೊಟ್ಟು ದೊಡ್ಡ ಹೋಟೆಲಿನಲ್ಲಿ ಸಪ್ಲೈಯರ್, ಎಡಗೈ ಮೇಲೆತ್ತಿ, ಅಂಗೈಯಲ್ಲಿ ತಟ್ಟೆ, ಜನರ ತಲೆಗಳ ಮೇಲೆ ತೇಲಿಸಿಕೊಂಡು — ಒಮ್ಮೆ ಯಾರೋ ಗಿರಾಕಿ, ಊಟಕ್ಕೆ ಬಂದ ಜಡ್ಜ್ ಸಾಹೇಬರನ್ನೇ ಸಪ್ಲೈಯರ್ ಅಂದುಕೊಂಡು ಎರಡು ಕಾಫಿ ಅಂದರಂತೆ, ಅವರದೂ ಕಪ್ಪು ಕೋಟಲ್ವಾ, ಪಾಪ, ತರೋಕೆ ಎದ್ದೇಬಿಟ್ರು ಮಗಳೇ, ಅಪ್ಪ ನಕ್ಕು ನಕ್ಕು ಕೆಮ್ಮಿದ್ದ, ಏನು ಬಣ್ಣವಪ್ಪಾ ಇದು, ಬೀದಿ ತುದಿಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಅಜ್ಜ ಹೇಳುತ್ತಿದ್ದ, ಅಚ್ಚಗಪ್ಪು ಹಿಡಿಸೋದು ಅಂದ್ರೆ ಹುಡುಗಾಟ ಅಲ್ಲ ಕಣಮ್ಮ, ಹಿಂದೆ ವಿಲಾಯಿತಿಯಲ್ಲಿ ದೊರೆಗಳೇ ಅದಕ್ಕೆ ಬಾಯಿ ಬಿಡ್ತಿದ್ರು, ಮೇಲಿನ ಚಿನ್ನ ಎದ್ದು ಕಾಣಲಿ ಅಂತ, ಆಮೇಲೆ ಪಾದ್ರಿ ತೊಟ್ಟ, ವ್ಯಾಪಾರಿ ತೊಟ್ಟ, ಗುಮಾಸ್ತ ತೊಟ್ಟ, ಹಾಗೆ ಇಳಿದಿಳಿದು ತಟ್ಟೆ ಹೊರುವವನ ಮೈಗೂ ಬಂತು, ಮದುವೆಗೆ ನಿಂತವನಿಗೂ ಅದೇ, ಹೆಣದ ಹಿಂದೆ ನಡೆಯುವವನಿಗೂ ಅದೇ, ಇಷ್ಟೊಂದು ಗಂಡಸರನ್ನು ಒಳಗಿಟ್ಟುಕೊಂಡು ತುಟಿಪಿಟಕ್ಕೆನ್ನದ ಬಣ್ಣ, ಚಿಕ್ಕಂದಿನಲ್ಲಿ ಈ ತಮ್ಮನೇ ಶಾಲೆಯಲ್ಲಿ ಕೊಚ್ಚಿಕೊಂಡಿದ್ದನಲ್ಲ, ನಮ್ಮಪ್ಪ ವಕೀಲರು, ಅಮ್ಮ ಕಿವಿ ಹಿಂಡಿದಾಗ ಅಪ್ಪ, ಬಿಡೇ, ಕೋಟು ನೋಡಿದ್ರೆ ನಂಗೂ ಒಂದೊಂದ್ಸಲ ಹಂಗೇ ಅನ್ಸುತ್ತೆ, ಅಂದಿದ್ದ, ಆಮೇಲೆ ದೊಡ್ಡವನಾದರೂ ಅಪ್ಪನ ಕೆಲಸ ಏನೆಂದು ಯಾರಾದರೂ ಕೇಳಿದರೆ ಮಾತು ಮರೆಸುತ್ತಿದ್ದ, ಅಂಥವನ ಮೈಮೇಲೆ ಅದೇ ತೋಳು, ಒಗೆದು ಒಗೆದು ಕೆಂಪಾದದ್ದು, ಗುಟ್ಟು ರಟ್ಟು ಮಾಡುವ ಹಾಗೆ — ಅಕ್ಕಾ, ಹೊತ್ತಾಯ್ತು, ಕೋಟು ಕೊಡು, ತಾಳೋ, ಬಿಚ್ತೀನಿ, ತೋಳು ಬೇರೆ ಬಣ್ಣ ಕಾಣ್ತಿದೆ, ಯಾವ ಬಟ್ಟೆ ಹಾಕಿದೀಯಕ್ಕಾ, ಅಪ್ಪನ ಕೋಟಿಂದು ಕಣೋ, ತಮ್ಮ ಅವಳ ಕೈಯಿಂದ ಕತ್ತರಿ ತೆಗೆದು ಮೆಷಿನ್ ಮೇಲಿಡುತ್ತಾನೆ, ತೊಡುತ್ತಾನೆ, ಗುಂಡಿ ಹಾಕುತ್ತಾನೆ, ಯಾರಾದ್ರೂ ಕೇಳಿದ್ರೆ ಅಪ್ಪಂದು ಅಂತ ಹೇಳ್ತೀನಿ ಬಿಡಕ್ಕಾ, ಬಾಗಿಲಾಚೆ ಹೋಗಿ ತಿರುಗುತ್ತಾನೆ, ತೋಳು ಸರಿಯಾಗಿ ಕೂತಿದೆಯೋ ಎಂದು ನೋಡಲು ಎಡಗೈ ಎತ್ತುತ್ತಾನೆ, ಬಿಸಿಲಲ್ಲಿ ಕೆಂಪು ತೋಳು, ಎತ್ತಿದ ಎಡಗೈ, ಮೇಲ್ಮುಖದ ಅಂಗೈ, ತಟ್ಟೆಯಿಲ್ಲ, ಎತ್ತಿದ ಎಡಗೈ —