ಚಿತ್ರ ಒಡೆಯುವ ಹೊತ್ತು

ಬೀಗ ರಿಪೇರಿಯವನ ಮನೆಯ ಮಾಳಿಗೆಯ ಮೇಲೆ ಟಿವಿಗೆಂದು ಹಾಕಿಸಿದ ಎಂಟಡಿ ಅಗಲದ ಜಾಲರಿ ಕೊಡೆಯೊಂದಿತ್ತು. ಬೀದಿಯವರೆಲ್ಲ ಅಂಗೈಯಗಲದ ಡಿಶ್ ಹಾಕಿಸಿಕೊಂಡು ದೊಡ್ಡ ಕೊಡೆಗಳನ್ನು ಗುಜರಿಗೆ ಕೊಟ್ಟು ಎಷ್ಟೋ ವರ್ಷವಾಗಿತ್ತು. ಇವನು ಮಾತ್ರ ತನ್ನದನ್ನು ಇಳಿಸಿರಲಿಲ್ಲ. ಅದಕ್ಕೆ ಕಾರಣ ಮಾವ. ಹೆಂಡತಿಯ ಅಪ್ಪ ಮೂವತ್ತು ವರ್ಷ ಹಡಗುಗಳ ಎಂಜಿನ್ ಕೋಣೆಯಲ್ಲಿ ಎಣ್ಣೆ ಹಾಕಿದವರು. ಈಗ ಮಂಡಿ ಸೋತು ಇವರ ಜೊತೆಗಿದ್ದರು. ಯಾವುದೋ ದೂರದ ಬಂದರಿನ ಚಾನೆಲ್ಲು ಆ ದೊಡ್ಡ ಕೊಡೆಗೆ ಮಾತ್ರ ಸಿಗುತ್ತಿತ್ತು. ಯಾವ ಹಡಗು ಬಂತು, ಯಾವುದು ಹೋಯಿತು, ನಾಳೆ ಗಾಳಿ ಹೇಗೆ ಎಂದು ಅದರಲ್ಲಿ ಹೇಳುತ್ತಿದ್ದರು. ಆ ಭಾಷೆ ಮನೆಯಲ್ಲಿ ಮಾವನಿಗೆ ಬಿಟ್ಟರೆ ಇನ್ಯಾರಿಗೂ ಬಾರದು. ಆದರೂ ಅಳಿಯ ಪಕ್ಕದಲ್ಲಿ ಕೂತು ಹಡಗು ನೋಡುತ್ತಿದ್ದ.

ಚಿತ್ರ ಒಡೆಯತೊಡಗಿದ್ದು ಮೇಲಿನ ಕೋಣೆಗೆ ಬಾಡಿಗೆಯವಳು ಬಂದ ವಾರದಲ್ಲೇ. ಮೊದಲು ಹಡಗಿನ ಮೂತಿ ಚೌಕಚೌಕವಾಗಿ ಚೂರಾಯಿತು, ಆಮೇಲೆ ಸಮುದ್ರ, ಕೊನೆಗೆ ಪರದೆಯೇ ಕಪ್ಪಾಯಿತು. ಬೀಗದವನು ಮಾಳಿಗೆ ಹತ್ತಿ ಕೊಡೆಯ ಕಾಲು ಬಿಗಿದ, ಕೇಬಲ್ಲು ಬದಲಿಸಿದ, ಜಾಲರಿಗೆ ಸಿಕ್ಕಿಕೊಂಡಿದ್ದ ಪ್ಲಾಸ್ಟಿಕ್ ಚೀಲ ಬಿಡಿಸಿದ. ಏನೂ ಪ್ರಯೋಜನವಾಗಲಿಲ್ಲ.

ಒಂದು ವಾರ ಗಮನಿಸಿದ ಮೇಲೆ ಲೆಕ್ಕ ಕೂಡಿಬಂತು. ಬೆಳಗ್ಗೆ ಚಿತ್ರ ಕನ್ನಡಿಯ ಹಾಗೆ ಇರುತ್ತಿತ್ತು. ಸಂಜೆ ಆರಕ್ಕೆ ಬಾಡಿಗೆಯವಳ ಚಪ್ಪಲಿ ಮೆಟ್ಟಿಲ ಮೇಲೆ ಸದ್ದು ಮಾಡಿದ ಕಾಲು ಗಂಟೆಗೆ ಒಡೆಯುತ್ತಿತ್ತು. ಭಾನುವಾರ ಅವಳು ಇಡೀ ದಿನ ಮನೆಯಲ್ಲಿ. ಭಾನುವಾರ ಇಡೀ ದಿನ ಚಿತ್ರವಿಲ್ಲ.

"ಕೋಣೇಲಿ ಏನೋ ಇಟ್ಕೊಂಡಿದಾಳೆ ಕಣೇ," ಎಂದ ಹೆಂಡತಿಗೆ. "ಸಿಗ್ನಲ್ ಎಳೆಯೋ ಪೆಟ್ಟಿಗೆ ಅಂತ ಬರುತ್ತಂತೆ. ಪಕ್ಕದ ಟೈರ್ ಅಂಗಡಿಯವನು ಹೇಳಿದ."

"ಟೈರ್ ಅಂಗಡಿಯವನಿಗೆ ಅದೆಲ್ಲ ಏನ್ರೀ ಗೊತ್ತು? ಪಾಪ, ಆಸ್ಪತ್ರೇಲಿ ಕೆಲಸ ಮಾಡೋ ಹುಡುಗಿ. ಸುಸ್ತಾಗಿ ಬರ್ತಾಳೆ."

"ಆಸ್ಪತ್ರೇಲಿ ಏನ್ ಕೆಲಸ? ನರ್ಸಾ?"

ಹೆಂಡತಿಗೂ ಸರಿಯಾಗಿ ಗೊತ್ತಿರಲಿಲ್ಲ. ಅನುಮಾನಕ್ಕೆ ಅಷ್ಟು ಸಾಕಾಯಿತು. ಮಾರನೆಯ ಸಂಜೆ ಬೀಗದವನು ಮೆಟ್ಟಿಲಲ್ಲೇ ಅವಳನ್ನು ನಿಲ್ಲಿಸಿದ.

"ಏನಮ್ಮಾ, ಕೋಣೇಲಿ ಮಿಷನ್ನು ಗಿಷನ್ನು ಏನಾದ್ರೂ ಓಡುತ್ತಾ?"

"ಇಸ್ತ್ರಿ ಪೆಟ್ಟಿಗೆ ಇದೆ ಅಂಕಲ್. ಫೋನಿದೆ. ಯಾಕೆ?"

"ಸುಮ್ನೆ ಕೇಳ್ದೆ."

ಅವಳು ಒಂದು ಕ್ಷಣ ಅವನ ಮುಖ ನೋಡಿ ಮೇಲೆ ಹೋದಳು. ಬಾಗಿಲು ಹಾಕಿಕೊಂಡ ಸದ್ದು, ಒಳಗಿನ ಚಿಲಕದ ಸದ್ದು, ಎರಡೂ ಕೇಳಿಸಿದವು. ಹತ್ತು ನಿಮಿಷಕ್ಕೆ ಕೆಳಗೆ ಹಡಗು ಚೂರಾಯಿತು. ಮಾವ ರಿಮೋಟನ್ನು ತೊಡೆಯ ಮೇಲೆ ಮಗುಚಿ ಇಟ್ಟರು. ಅವರು ಒಂದು ಮಾತು ಬೈದಿದ್ದರೂ ಬೀಗದವನಿಗೆ ಅಷ್ಟು ಬೇಸರವಾಗುತ್ತಿರಲಿಲ್ಲ.

ವಾರದ ನಡುವೆ ಸಾರ್ವಜನಿಕ ರಜೆಯೊಂದು ಬಂತು. ಅಂಗಡಿಗಳೆಲ್ಲ ಮುಚ್ಚಿದ್ದವು, ಆಸ್ಪತ್ರೆಗೆ ಮಾತ್ರ ರಜೆಯಿಲ್ಲ. ಬಾಡಿಗೆಯವಳು ಎಂದಿನಂತೆ ಎಂಟಕ್ಕೇ ಹೊರಟಳು. ಹೆಂಡತಿ ತಂಗಿಯ ಮನೆಗೆ ಹೋಗಿದ್ದಳು. ಬೀಗದವನು ಎರಡು ಸಲ ಮೆಟ್ಟಿಲ ತನಕ ಹೋಗಿ ವಾಪಸು ಬಂದ. ಇಪ್ಪತ್ತಾರು ವರ್ಷದ ಕಸುಬಿನಲ್ಲಿ ಮನೆಯವರು ಎದುರಿಗೆ ನಿಲ್ಲದೆ ಅವನು ಒಂದು ಬಾಗಿಲನ್ನೂ ತೆಗೆದವನಲ್ಲ. ಪೊಲೀಸಿನವರು ಕರೆದಾಗಲೂ ಸಾಕ್ಷಿಗೆ ಇಬ್ಬರನ್ನು ನಿಲ್ಲಿಸಿಕೊಂಡೇ ಕೈ ಹಾಕಿದವನು. ಮೂರನೆಯ ಸಲ ಜೇಬಿನಲ್ಲಿ ಎರಡು ತಂತಿ ಇಟ್ಟುಕೊಂಡು ಮೆಟ್ಟಿಲು ಹತ್ತಿದ. ಬೀಗ ತೆಗೆಯಲು ಅರ್ಧ ನಿಮಿಷವೂ ಹಿಡಿಯಲಿಲ್ಲ.

ಒಳಗೆ ಸುಣ್ಣದ ವಾಸನೆಯಂಥದೇನೋ ಇತ್ತು. ಮಡಿಸಿಟ್ಟ ಹಾಸಿಗೆ, ಹಗ್ಗದ ಮೇಲೆ ಎರಡು ಟವೆಲ್ಲು, ಮೂಲೆಯಲ್ಲಿ ಇಸ್ತ್ರಿ ಪೆಟ್ಟಿಗೆ. ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಪಾದಗಳು. ಅವನು ಒಂದು ಹೆಜ್ಜೆ ಹಿಂದೆ ಸರಿದ. ಹತ್ತಿರ ಹೋದರೆ ಪ್ಲಾಸ್ಟರಿನವು: ಬೆರಳು, ಹಿಮ್ಮಡಿ, ಉಗುರಿನ ಗೆರೆ ಎಲ್ಲವೂ ಇದ್ದ ಬಿಳಿಯ ಪಾದಗಳು. ಪ್ರತಿಯೊಂದಕ್ಕೂ ಒಂದು ಚೀಟಿ. ಕಾಲು ಕಳೆದುಕೊಂಡವರ ಉಳಿದ ಪಾದದ ಅಚ್ಚು ತೆಗೆದು, ಅದಕ್ಕೆ ಜೋಡಿಯಾಗಿ ಕೃತಕ ಕಾಲು ಮಾಡುವ ಕೆಲಸ ಅವಳದು ಎಂದು ಚೀಟಿ ಓದಿದಾಗ ತಿಳಿಯಿತು. ಎಲ್ಲಕ್ಕಿಂತ ಚಿಕ್ಕದನ್ನು ಅವನು ಎತ್ತಿ ನೋಡಿದ. ನಾಲ್ಕು ವರ್ಷದ ಮಗುವಿನದು ಎಂದಿತ್ತು.

ಆಗ ಕೆಳಗಿನಿಂದ ಮಾವನ ದನಿ ಬಂತು. "ಅಳಿಯಂದ್ರೇ, ಚಿತ್ರ ಹೋಯ್ತು."

ಗಂಟೆ ಹನ್ನೊಂದು. ಅವಳು ಮನೆಯಲ್ಲಿಲ್ಲ. ಫೋನು ಅವಳ ಜೊತೆಗೆ ಹೋಗಿದೆ. ಇಸ್ತ್ರಿ ಪೆಟ್ಟಿಗೆಯ ತಂತಿ ಸುತ್ತಿಟ್ಟ ಹಾಗೇ ಇದೆ. ಬೀಗದವನು ಪಾದವನ್ನು ಇದ್ದಲ್ಲೇ ಇಟ್ಟು, ಬೀಗ ಹಾಕಿ, ಬೆಕ್ಕಿನ ಹೆಜ್ಜೆಯಲ್ಲಿ ಇಳಿದು ಬಂದ.

ಎರಡು ದಿನ ಬಿಟ್ಟು ಡಿಶ್ ರಿಪೇರಿಯವನನ್ನು ಕರೆಸಿದ. ಅವನು ಕೈಯಗಲದ ಮೀಟರು ಹಿಡಿದು ಮಾಳಿಗೆಯ ಮೇಲೆ ಒಂದು ಸುತ್ತು ಬಂದು, ಹಿಂದಿನ ಬೀದಿಯ ಛತ್ರದ ಕಡೆ ಕೈ ತೋರಿಸಿದ. ಛತ್ರದ ತಾರಸಿಯ ಕಂಬದಲ್ಲಿ ಮೂರು ಹೊಸ ಬಿಳಿ ಪೆಟ್ಟಿಗೆಗಳಿದ್ದವು.

"ಅದು ಮೊಬೈಲಿನವರದ್ದು, ಹೊಸದು. ಹಾಕಿ ಇನ್ನೂ ಒಂದು ತಿಂಗಳೂ ಆಗಿಲ್ಲ. ಆ ಅಲೆಯೂ ನಿಮ್ಮ ಕೊಡೆ ಹಿಡಿಯೋ ಅಲೆಯೂ ಅಕ್ಕಪಕ್ಕದವು ಸ್ವಾಮಿ. ಆಕಾಶದಿಂದ ಬರೋದು ಪಿಸುಮಾತು, ಇದು ಕಿವಿ ಹತ್ರ ಡೋಲು ಬಾರಿಸಿದ ಹಾಗೆ."

"ಮತ್ತೆ ಸಂಜೆ ಹೊತ್ತೇ ಯಾಕೆ?"

"ಸಂಜೆ ಎಲ್ಲರೂ ಮನೆಗೆ ಬಂದು ಫೋನ್ ಹಿಡ್ಕೊಂಡು ಕೂರಲ್ವಾ? ರಜಾ ದಿನ ಬೆಳಗ್ಗೆಯಿಂದ್ಲೇ ಶುರು."

ರಿಪೇರಿಯವನು ಕೊಡೆಯ ನಡುವೆ ಅಲೆ ಹಿಡಿಯುವ ಮೂತಿ ಬಿಚ್ಚಿ, ಮುಂದೆ ಲೋಹದ ತುಂಡೊಂದನ್ನು ಕೂರಿಸಿದ. ಬೇಡದ ಅಲೆಯನ್ನು ತಡೆಯುವ ಫಿಲ್ಟರು ಅದು. ಎರಡು ಮೂರು ಚಾನೆಲ್ಲು ಹೋದವು, ಬಂದರು ಉಳಿಯಿತು. ಆ ಸಂಜೆ ಆರೂವರೆಗೆ ಹಡಗು ಇಡಿಯಾಗಿಯೇ ದಡಕ್ಕೆ ಬಂತು. ಮಾವ ನೋಡುತ್ತಲೇ ಮೆಲ್ಲಗೆ ಹೇಳಿದರು.

"ರಜಾ ದಿನ ನನ್ನ ತಲೆ ಮೇಲೆ ಓಡಾಡಿದ್ದು ನಿಮ್ಮ ಹೆಜ್ಜೆ. ಎಂಜಿನ್ ಸದ್ದಲ್ಲಿ ಕೆಟ್ಟಿದ್ದನ್ನ ಗುರುತು ಹಿಡೀತಿದ್ದ ಕಿವಿ ಇದು. ಮೇಲಿನ ಹುಡುಗೀಗೆ ನೀವೇ ಹೇಳ್ತೀರೋ, ನಾನು ಹೇಳ್ಲೋ?"

ಬೀಗದವನು ಎದ್ದ. ಮೇಲೆ ಹೋಗಿ, ಹೊಸಿಲಿನಾಚೆಯೇ ನಿಂತು ಎಲ್ಲ ಹೇಳಿದ. ಅವಳು ಬಾಗಿಲ ಅಂಚು ಹಿಡಿದುಕೊಂಡು ಕೇಳಿದಳು.

"ಏನಾದ್ರೂ ಮುಟ್ಟಿದ್ರಾ?"

"ಒಂದು ಪಾದ. ಚಿಕ್ಕದು."

"ಆವತ್ತು ಮೆಟ್ಟಿಲಲ್ಲಿ ಇನ್ನೊಂದು ಸಲ ಕೇಳಿದ್ರೆ ನಾನೇ ಕರ್ಕೊಂಡು ಹೋಗಿ ತೋರಿಸ್ತಿದ್ದೆ ಅಂಕಲ್."

"ತಪ್ಪಾಯ್ತಮ್ಮ."

"ಆಸ್ಪತ್ರೇಲಿ ದಿನವಿಡೀ ಯಾರಾದ್ರೂ ಅಳ್ತಾ ಇರ್ತಾರೆ. ಬಾಗಿಲು ಹಾಕಿದ್ಮೇಲೆ ಈ ಕೋಣೆ ನನ್ನದು ಅನ್ಕೊಂಡಿದ್ದೆ." ಅವಳು ದನಿ ಏರಿಸಲಿಲ್ಲ. "ತಿಂಗಳ ಕೊನೆಗೆ ಬೇರೆ ಕಡೆ ನೋಡ್ಕೋತೀನಿ."

ಹೇಳಿದ ಹಾಗೆಯೇ ಹೋದಳು. ಪಾದಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಗೆ ತುಂಬಿದಳು. ಬೀಗದವನು ಎತ್ತಿಕೊಡಲು ಹೋದರೆ, "ಬೇಡ, ನಾನೇ ತಗೋತೀನಿ," ಎಂದಳು. ಮಾವನಿಗೆ ಮಾತ್ರ ಹೇಳಿ ಹೊರಟಳು.

ಹೆಂಡತಿಗೆ ವಿಷಯ ತಿಳಿದದ್ದು ಆಗಲೇ. ಅವಳು ಕೂಗಾಡಲಿಲ್ಲ. ಒಗೆದ ಬಟ್ಟೆ ಮಡಿಸುತ್ತ ಕೂತಿದ್ದವಳು ಕೈ ನಿಲ್ಲಿಸಿ ಕೇಳಿದಳು.

"ಅಟ್ಟದ ಮೇಲೆ ನನ್ನ ತವರಿನ ಟ್ರಂಕಿದೆಯಲ್ಲ. ಅದನ್ನ ಯಾವತ್ತಾದ್ರೂ ತೆಗೆದಿದೀರಾ?"

"ಇಲ್ಲ ಕಣೇ. ಯಾವತ್ತೂ ಇಲ್ಲ."

ಅದು ನಿಜವೇ ಆಗಿತ್ತು. ಹೆಂಡತಿ ಅವನನ್ನು ಸ್ವಲ್ಪ ಹೊತ್ತು, ಬಾಡಿಗೆಯವಳನ್ನು ಅವನು ಮೆಟ್ಟಿಲಲ್ಲಿ ಅನುಮಾನದಿಂದ ನೋಡಿದ್ದ ಹಾಗೆಯೇ ನೋಡಿದಳು. ಆಮೇಲೆ ಅಂಗಿಯ ತೋಳು ಒಳಗೆ ಮಡಿಸಿ, ಇನ್ನೊಂದನ್ನು ಕೈಗೆ ತೆಗೆದುಕೊಂಡಳು.