ನಾಗವ್ವ ಬರದ ಎರಡು ಗುರುವಾರ

ನಾಗವ್ವ ಎರಡು ಗುರುವಾರ ಬರಲಿಲ್ಲ. ಕಾಂದಿವಲಿಯ ಸಮಾಲೋಚನೆ ಕೇಂದ್ರದಲ್ಲಿ ಕಸ ಗುಡಿಸಿ, ಬಂದವರನ್ನು ಸರದಿಯಲ್ಲಿ ಕೂರಿಸುವ ಭುವನೇಶ್ವರಿಗೆ ಇದು ಹೊಸದೇನಲ್ಲ. ಮನಸ್ಸಿನ ಕಷ್ಟ ಹೇಳಿಕೊಳ್ಳಲು ಬಂದವರಲ್ಲಿ ಅರ್ಧ ಮಂದಿ ಮೂರನೆಯ ಸಲಕ್ಕೇ ಮಾಯವಾಗುತ್ತಿದ್ದರು. ಯಾರು ಉಳಿಯುತ್ತಾರೆಂದು ಅವಳು ಚಪ್ಪಲಿ ನೋಡಿಯೇ ಊಹಿಸುತ್ತಿದ್ದಳು. ಹೊಸ್ತಿಲಲ್ಲೇ ಬಿಟ್ಟವರು ಹೋಗುವವರು, ಗೋಡೆಗೆ ಒತ್ತಿ ಜೋಡಿಸಿಟ್ಟವರು ಉಳಿಯುವವರು. ನಾಗವ್ವ ಜೋಡಿಸಿಟ್ಟಿದ್ದಳು.

"ಹೋಗಿ ಕೇಳಿಕೊಂಡು ಬಾ," ಎಂದರು ಕೇಂದ್ರದ ಸಮಾಲೋಚಕಿ ಶಾಲ್ಮಲಿ ಮೇಡಂ. ಅವರಿಗೆ ಕನ್ನಡ ಬಾರದು, ನಾಗವ್ವನಿಗೆ ಹಿಂದಿ ಬಾರದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಭುವನೇಶ್ವರಿಯೇ ನಡುವೆ ಕುಳಿತು ಇಬ್ಬರ ಮಾತನ್ನೂ ದಾಟಿಸುತ್ತಿದ್ದಳು.

ದಹಿಸರ್‌ನ ಚಾಳಿನಲ್ಲಿ ನಾಗವ್ವ ರೊಟ್ಟಿ ಬಡಿಯುತ್ತಿದ್ದಳು.

"ಬಾರವ್ವ ಸಣ್ಣ ಮೇಡಮ್ಮ. ನಿನಗ ಸ್ವಂತ ನಾಲಿಗಿ ಇಲ್ಲಂದ್ರೂ ಕಾಲಾರ ಅದಾವಲ್ಲ!"

ಭುವನೇಶ್ವರಿ ನೆಲ ನೋಡುತ್ತಾ ಕೇಳಿದಳು: "ಯಾಕ ಬರವಲ್ಲಿ ಅಕ್ಕಾ? ಕೆಲಸ ತಪ್ಪತೈತೇನು? ಮನ್ಯಾಗ ಬ್ಯಾಡ ಅಂದ್ರೇನು?"

"ಅದೇನಲ್ಲ ತಂಗಿ." ನಾಗವ್ವನ ಕೈ ಹಿಟ್ಟಿನ ಮೇಲೆ ನಿಂತಿತು. "ಅವತ್ತ ಎಂಥಾ ಮಾತ ಹೇಳಿದೆ ನಾ! ಟೇಶನ್‌ದಾಗ ಗಾಡಿ ಬರೂ ಮುಂದ ಕಾಲು ಮುಂದಕ್ಕ ಹೊಕ್ಕಾವ, ಸಾಯಬೇಕನಸತೈತಿ ಅಂದೆ. ಗಂಡಗ ಸೈತ ಹೇಳಿದ್ದಿಲ್ಲ. ನಿಮ್ಮ ಮೇಡಮ್ಮ ಏನಂದ್ಲು? ದಿನಾ ಹತ್ತ ಸಲ ಉಸರ ಎಳದ ಬಿಡು ಅಂದ್ಲು. ನಗಕೋತ ಅಂದ್ಲು! ನಾ ಸಾಯೂದು ಅಕಿಗೆ ನೆಗಡಿ ಬಂದಂಗ. ಮತ್ಯಾಕ ಬರ್ಲಿ?"

ಅವತ್ತು ಆ ಮಾತು ಕಿವಿಗೆ ಬಿದ್ದದ್ದೇ ತಡ, "ಬಿಡ್ತು ಅನ್ನಕ್ಕಾ" ಎಂದು ಭುವನೇಶ್ವರಿಯ ಬಾಯಿಂದ ಹೊರಬಿದ್ದಿತ್ತು. ಅವಳ ಮನೆಯಲ್ಲಿ ಯಾರಾದರೂ ಸಾವಿನ ಮಾತೆತ್ತಿದರೆ "ಬಿಡ್ತು" ಎನ್ನಿಸುವ ತನಕ ಅವ್ವ ಬಿಡುತ್ತಿರಲಿಲ್ಲ. ಅಂಥದ್ದನ್ನು ಇನ್ನೊಮ್ಮೆ ತನ್ನ ಬಾಯಲ್ಲೇ ಆಡುವುದೇ? ಮೇಡಂಗೆ ಹಿಂದಿಯಲ್ಲಿ ಇಷ್ಟೇ ಹೇಳಿದ್ದಳು: ಲೋಕಲ್ ರೈಲಿನ ಗದ್ದಲ ಕಂಡರೆ ಇವಳಿಗೆ ಹೆದರಿಕೆಯಂತೆ. ಗದ್ದಲಕ್ಕೆ ಹೆದರುವವಳಿಗೆ ಮೇಡಂ ನಗುತ್ತಾ ಉಸಿರಾಟ ಕಲಿಸಿದ್ದರು. ಕೆಟ್ಟ ಮಾತೊಂದನ್ನು ತಡೆದೆ ಎಂದು ಭುವನೇಶ್ವರಿ ಆ ದಿನ ಸಮಾಧಾನದಿಂದ ಮನೆಗೆ ಹೋಗಿದ್ದಳು.

"ನೀ ಎಲ್ಲಾ ಹೇಳಿದ್ಯಲ್ಲ ಅಕಿಗೆ?" ಎಂದು ನಾಗವ್ವ ಕೇಳಿದಳು.

ತಲೆಯಾಡಿಸಿದ್ದರೆ ಸಾಕಿತ್ತು. ತಪ್ಪು ಮೇಡಂ ಮೇಲೇ ಉಳಿಯುತ್ತಿತ್ತು.

"ಇಲ್ಲಕ್ಕಾ. ಗದ್ದಲಕ್ಕ ಅಂಜತಾಳ ಅಂತ ಅಂದೆ."

ಹಂಚಿನ ಮೇಲೆ ರೊಟ್ಟಿ ಕರಿದಾಗತೊಡಗಿತು. ಇಬ್ಬರೂ ಅದನ್ನು ತಿರುವಲಿಲ್ಲ.

"ಹಂಗಾರ ನಾ ಗೋಡಿ ಮುಂದ ಕುಂತು ಅತ್ನೇನು?" ಎಂದಳು ನಾಗವ್ವ, ಬಹಳ ಸಣ್ಣ ದನಿಯಲ್ಲಿ.

ಭುವನೇಶ್ವರಿ ಮೇಡಂಗೆ ಫೋನು ಹಚ್ಚಿ ಸ್ಪೀಕರ್ ಹಾಕಿದಳು. ಗಾಡಿ, ಕಾಲು, ಉಸಿರು, ತಾನು ಮುಚ್ಚಿಟ್ಟದ್ದು, ಒಂದೊಂದಾಗಿ ಹೇಳಿದಳು. ಸಾಯುವ ಮಾತಿಗೆ ಬಂದಾಗ "ಬಿಡ್ತು" ಗಂಟಲಿಗೆ ಬಂತು. ನುಂಗಿಕೊಂಡು, ಆ ಮಾತನ್ನೇ ಆಡಿದಳು.

ಅತ್ತ ಕಡೆಯಿಂದ ಬಂದ ಮೇಡಂ ದನಿಯಲ್ಲಿ ಈ ಸಲ ನಗುವಿರಲಿಲ್ಲ. ಭುವನೇಶ್ವರಿ ಅವರ ಮಾತನ್ನು ಅಕ್ಷರ ಬಿಡದೆ ಕನ್ನಡಕ್ಕೆ ತಂದಳು: "ಈ ಮಾತು ನನಗ ಇವತ್ತೇ ಮುಟ್ಟೈತಿ, ಕ್ಷಮಿಸಂತ ಹೇಳು. ಅಕಿನ್ನ ಒಬ್ಬಾಕಿನ್ನ ಬಿಡಬ್ಯಾಡ. ರಿಕ್ಷಾದಾಗ ಕರಕೊಂಡು ಬಾ, ನಾ ಬಾಗಲದಾಗ ನಿಂತಿರ್ತೀನಿ ಅಂತಾರಕ್ಕಾ."

ನಾಗವ್ವ ಸೆರಗಿಗೆ ಕೈ ಒರೆಸಿ ಗ್ಯಾಸು ಆರಿಸಿದಳು. ಚಪ್ಪಲಿಗೆ ಕಾಲು ತೂರಿಸುತ್ತಾ ಹೇಳಿದಳು:

"ನಿನ್ನ ಕೂಡ ಆಮ್ಯಾಲ ಜಗಳಾಡತೀನಿ. ಈಗ ನಡಿ."