ಒಲೆ ಮುಟ್ಟದ ತಿಂಡಿ

ನನ್ನ ಮಾವ ರಾಮಲಿಂಗಪ್ಪನವರು ವಿದೇಶದಲ್ಲಿ, ಬ್ಯಾಲಿನ್‌ಕೊಲಿಗ್ ಎಂಬ ಊರಿನಲ್ಲಿರುವ ನಮ್ಮ ಮನೆಗೆ ಮೂರು ವಾರ ಇದ್ದು ಹೋಗಲು ಬಂದರು. ಮೂರು ವಾರಕ್ಕೆ ಸರಿಯಾಗುವಷ್ಟು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯನ್ನೂ ಜೊತೆಗೆ ತಂದರು. ಎರಡು ಸಾವಿರದ ಇಪ್ಪತ್ತರ ಮಾರ್ಚ್ ಅದು. ವಿಮಾನಗಳು ನಿಂತುಹೋದವು. ಆಮೇಲೆ ರೊಟ್ಟಿಯೂ ಮುಗಿಯಿತು.

ರೊಟ್ಟಿ ತಂದದ್ದು ನನ್ನ ಕೈಯ ಅಡುಗೆ ತಿನ್ನಬಾರದು ಎಂದು. ನನ್ನ ಗಂಡ ಲೋಹಿತ್‌ನದೂ ನನ್ನದೂ ಜಾತಿ ಬೇರೆ. ಜಾತಿಯೇ ಇಲ್ಲ ಎಂದು ಸಾರಿದ ಶರಣರ ಪಟವನ್ನು ಹಜಾರದಲ್ಲಿ ಹಾಕಿಕೊಂಡ ಮನೆ ಅವರದು, ದಾವಣಗೆರೆಯಲ್ಲಿ. ಪಟಕ್ಕೆ ದಿನಾ ಹೂವು, ನನಗೆ ಮಾತ್ರ ಅಡುಗೆಮನೆಯ ಹೊಸ್ತಿಲ ಆಚೆ ಜಾಗ. ಮದುವೆಯಾದ ಹೊಸದರಲ್ಲಿ ಅನ್ನ ಬಡಿಸಲು ಹೋದೆ. ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು "ಬ್ಯಾಡ" ಎಂದರು. ಮರುವರ್ಷ ಹೋದಾಗಲೂ ಅದೇ. ನಾನೇನು ಕಡಿಮೆ ಸಿಟ್ಟಿನವಳೇ? ಇನ್ನು ಪ್ರಾಣ ಹೋದರೂ ಈ ಮನುಷ್ಯನನ್ನು ಊಟಕ್ಕೆ ಕರೆಯುವುದಿಲ್ಲ ಎಂದು ಅವತ್ತೇ ತೀರ್ಮಾನ ಮಾಡಿದೆ. ಒಂಬತ್ತು ವರ್ಷ ಆ ಹಟ ಸಾಧಿಸಿದೆ. ಒಳಗೊಳಗೆ ಮಾತ್ರ ನನಗೆ ಬೇಕಾಗಿದ್ದುದು ಒಂದೇ, ಅವರು ನನ್ನ ಕೈಯಲ್ಲಿ ಒಂದು ತುತ್ತು ತಿನ್ನಬೇಕು. ಇದನ್ನು ಲೋಹಿತ್‌ಗೂ ಹೇಳಿರಲಿಲ್ಲ.

ರೊಟ್ಟಿ ಮುಗಿದ ಮೇಲೆ ಮಧ್ಯಾಹ್ನಕ್ಕೂ ರಾತ್ರಿಗೂ ಲೋಹಿತ್ ಅಪ್ಪನಿಗೆ ಅನ್ನ ಸಾರು ಮಾಡಿ ಬಡಿಸುತ್ತಿದ್ದ. ಬೆಳಗ್ಗೆ ಆಗುತ್ತಿರಲಿಲ್ಲ. ಎಂಟಕ್ಕೆ ಅವನ ಮೀಟಿಂಗ್ ಶುರುವಾದರೆ ಹನ್ನೊಂದರ ತನಕ ಮೇಲಿನ ಕೋಣೆಯ ಬಾಗಿಲು ತೆರೆಯುತ್ತಿರಲಿಲ್ಲ. ಮಾವ ಲಿಂಗಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ಟೇಬಲ್ ಮುಂದೆ ಕೈಕಟ್ಟಿ ಕೂರುತ್ತಿದ್ದರು. ಎದುರಿಗೆ ನಾನೂ ಆರು ವರ್ಷದ ಮಗಳು ತನ್ವಿಯೂ ಉಪ್ಪಿಟ್ಟು ತಿನ್ನಬೇಕು. ನಾನು ಅರ್ಧ ತಟ್ಟೆಯನ್ನು ಹಾಗೇ ಎತ್ತಿಬಿಡುತ್ತಿದ್ದೆ.

ಆಗ ಊರಿಗೆಲ್ಲ ಆರೋಗ್ಯದ ಹುಚ್ಚು ಹಿಡಿದಿತ್ತು. ನಮ್ಮ ಆಫೀಸಿನ ಗುಂಪಿನಲ್ಲಿ ದಿನ ಬೆಳಗಾದರೆ ಸ್ಮೂದಿ ಫೋಟೊಗಳು. ನೋಡುತ್ತಿದ್ದಂತೆ ನನಗೆ ಹೊಳೆಯಿತು. ಹಾಲು, ಹಣ್ಣು, ಒಲೆಯ ಮಾತೇ ಇಲ್ಲ. ಹಾಲು ಹಣ್ಣನ್ನು ಯಾರ ಕೈಯಿಂದ ತೆಗೆದುಕೊಂಡರೂ ಮೈಲಿಗೆಯಿಲ್ಲ ಎನ್ನುವುದು ಅವರ ಮನೆಯದೇ ಕಟ್ಟಳೆ. ಮರುದಿನ ಎರಡು ಬಾಳೆಹಣ್ಣು, ಡಬ್ಬಿಯ ಮಾವಿನ ರಸ, ನಾಲ್ಕು ಖರ್ಜೂರ, ಹಾಲು ಹಾಕಿ ಮಿಕ್ಸಿ ತಿರುಗಿಸಿದೆ. ಲೋಟವನ್ನು ಅವರ ಮುಂದಿಟ್ಟು, "ಬರೀ ಹಣ್ಣು ಮಾವ, ಒಲೆ ಮುಟ್ಟಿಸಿಲ್ಲ" ಎಂದೆ.

ಅವರು ಲೋಟ ನೋಡಿದರು, ನನ್ನನ್ನು ನೋಡಿದರು. ಕುಡಿದರು. ತಳಕ್ಕೆ ಅಂಟಿದ್ದಕ್ಕೂ ನೀರು ಹಾಕಿ ಅಲುಗಾಡಿಸಿ ಅದನ್ನೂ ಕುಡಿದರು. ನಾನು ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಸ್ವಲ್ಪ ಅತ್ತೆ.

ಅಲ್ಲಿಂದ ನನ್ನನ್ನು ಹಿಡಿಯುವವರಿರಲಿಲ್ಲ. ಲೋಟ ದೊಡ್ಡದಾಯಿತು. ದ್ರಾಕ್ಷಿ, ಅನಾನಸ್, ಜೇನು ಒಂದೊಂದೇ ಸೇರಿದವು. ಅವರಿಗೆ ಸಕ್ಕರೆ ಕಾಯಿಲೆ ಇದೆ, ಮಾತ್ರೆ ತೆಗೆದುಕೊಳ್ಳುತ್ತಾರೆ ಎಂದು ನನಗೆ ಗೊತ್ತಿಲ್ಲದೆ ಇರಲಿಲ್ಲ. ಅವರ ಕಾಫಿಗೆ ಸಕ್ಕರೆ ಹಾಕಬೇಡ ಎಂದು ಲೋಹಿತ್‌ಗೆ ತಾಕೀತು ಮಾಡಿದವಳೇ ನಾನು. ಹಣ್ಣಿನ ಸಿಹಿ ದೇವರು ಇಟ್ಟಿದ್ದು, ಅದು ಏನೂ ಮಾಡುವುದಿಲ್ಲ ಎಂದು ನಾನೇ ತೀರ್ಪು ಕೊಟ್ಟುಕೊಂಡಿದ್ದೆ. ಕುಡಿದ ಮೇಲೆ ಅವರು ಮನೆ ಮುಂದಿನ ಹುಲ್ಲುಹಾಸಿನ ಸುತ್ತ ಹತ್ತು ಹನ್ನೆರಡು ಸುತ್ತು ಬಿರುಸಾಗಿ ನಡೆಯುತ್ತಿದ್ದರು. ಎಷ್ಟು ಲವಲವಿಕೆ ಬಂದಿದೆ ನೋಡು ಎಂದು ಕಿಟಕಿಯಲ್ಲಿ ನಿಂತು ಹಿಗ್ಗುತ್ತಿದ್ದೆ. ಆ ನಡಿಗೆ ಯಾಕೆ ಎಂದು ಕೇಳುವಷ್ಟು ಬುದ್ಧಿ ಬರಲಿಲ್ಲ.

ಮೇ ತಿಂಗಳ ಒಂದು ಬೆಳಗ್ಗೆ ಅಜ್ಜನ ಬಳಿ ಕನ್ನಡ ಅಕ್ಷರ ಕಲಿಯುತ್ತಿದ್ದ ತನ್ವಿ ಬಂದು, "ಮಮ್ಮಿ, ಅಜ್ಜ ಕಾಂಟ್ ಸೀ ದ ಲೆಟರ್ಸ್. ಹೀ ಸೇಸ್ ಹೀ ಈಸ್ ಗ್ರ್ಯಾಂಡ್, ಬಟ್ ಹೀ ಈಸಂಟ್" ಎಂದಳು. ಗ್ರ್ಯಾಂಡ್ ಎಂದರೆ ಇಲ್ಲಿಯವರ ಮಾತಿನಲ್ಲಿ ಆರಾಮ. ಹೋಗಿ ನೋಡಿದರೆ ಮಾವ ಸೋಫಾದಲ್ಲಿ ಕಣ್ಣು ಮುಚ್ಚಿ ಕೂತಿದ್ದಾರೆ. ತುಟಿ ಒಣಗಿದೆ, ಪಕ್ಕದಲ್ಲಿ ಖಾಲಿ ನೀರಿನ ಜಗ್ಗು.

"ಏನಿಲ್ಲವ್ವ, ಒಂಚೂರು ಸುಸ್ತು" ಎಂದರು.

ಲೋಹಿತ್ ಮೀಟಿಂಗ್ ಬಿಟ್ಟು ಓಡಿ ಬಂದ. ಹಿಂದಿನ ವಾರವೇ ಔಷಧಿ ಅಂಗಡಿಯಿಂದ ಸಕ್ಕರೆ ನೋಡುವ ಮೀಟರ್ ತಂದಿಟ್ಟಿದ್ದೆವು, ಪೆಟ್ಟಿಗೆ ಒಡೆದಿರಲಿಲ್ಲ. ಬೆರಳು ಚುಚ್ಚಿ ನೋಡಿದ. ಹದಿನೆಂಟು ಪಾಯಿಂಟ್ ನಾಲ್ಕು.

ನಮ್ಮೂರಲ್ಲಿ ಸಕ್ಕರೆ ಎಂದರೆ ನೂರು, ನೂರೈವತ್ತು, ಇನ್ನೂರು. ಎಪ್ಪತ್ತಕ್ಕೆ ಇಳಿದರೆ ಬಾಯಿಗೆ ಸಕ್ಕರೆ ಹಾಕು ಎನ್ನುತ್ತಾರೆ. ಹದಿನೆಂಟು ಎಂದರೆ?

"ಜ್ಯೋತ್ಸ್ನಾ, ಶುಗರ್ ಲೋ ಆಗೋಗಿದೆ! ಏನಾದ್ರೂ ಸಿಹಿ ಕೊಡು, ಬೇಗ!" ಎಂದು ಲೋಹಿತ್ ಕೂಗಿದ.

ನಾನು ಮಿಕ್ಸಿಗೆ ಬಾಳೆಹಣ್ಣು, ಮಾವಿನ ರಸ, ನಾಲ್ಕು ಚಮಚ ಜೇನು ಸುರಿದೆ. ಅವಸರದಲ್ಲಿ ಅರ್ಧ ಜೇನು ಕಟ್ಟೆಯ ಮೇಲೆ ಚೆಲ್ಲಿತು. ಲೋಟ ತಂದು ಅವರ ಬಾಯಿಗೆ ಹಿಡಿದೆ. ಅವರು ಒಂದು ಕ್ಷಣ ನನ್ನ ಮುಖವನ್ನೇ ನೋಡಿದರು. ಏನೋ ಹೇಳಲು ಬಾಯಿ ತೆರೆದವರು ಮುಚ್ಚಿಕೊಂಡರು. ಆಮೇಲೆ ಅಷ್ಟನ್ನೂ ಕುಡಿದುಬಿಟ್ಟರು.

ಕಿಲ್ಕೆನ್ನಿಯಲ್ಲಿ ಡಾಕ್ಟರಾಗಿರುವ ಗೆಳತಿ ಪೃಥ್ವಿಗೆ ಫೋನು ಹಚ್ಚಿದೆ. ರಾತ್ರಿ ಪಾಳಿ ಮುಗಿಸಿ ಆಗ ತಾನೆ ಮನೆಗೆ ಬಂದಿದ್ದಳು.

"ಹದಿನೆಂಟಾ? ಲೇ, ಇಲ್ಲಿ ಮೀಟರ್ ಲೆಕ್ಕವೇ ಬೇರೆ ಕಣೇ! ಅದನ್ನ ಹದಿನೆಂಟರಿಂದ ಗುಣಿಸು. ಮುನ್ನೂರ ಮೂವತ್ತು ದಾಟಿದೆ! ಸಿಹಿ ಗಿಹಿ ಏನಾದ್ರೂ ಕೊಟ್ಟೀಯಾ, ಹುಷಾರು!"

"ಕೊಟ್ಟಾಯ್ತು" ಎಂದೆ.

ಪೃಥ್ವಿ ಬೈಯುತ್ತಲೇ ಹೇಳಿದಳು: ನೀರು ಕುಡಿಸ್ತಾ ಇರು, ಈಗಿಂದೀಗಲೇ ನಿಮ್ಮ ಜಿಪಿ ಡಾಕ್ಟರಿಗೆ ಫೋನ್ ಮಾಡು, ವಾಂತಿ ಆದರೆ, ಮಂಪರು ಬಂದರೆ ಕಾಯಬೇಡ, ಆಂಬುಲೆನ್ಸ್ ಕರಿ. ಆ ಕಾಲದಲ್ಲಿ ಆಸ್ಪತ್ರೆಗೆ ಹೋಗಿ ಮರಳದ ಎಪ್ಪತ್ತು ದಾಟಿದವರ ಸುದ್ದಿ ದಿನಾ ಕೇಳುತ್ತಿದ್ದೆವು. ಜೊತೆಗೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಕನ್ನಡ ಬಿಟ್ಟು ಬೇರೆ ಭಾಷೆ ಬಾರದ ಇವರನ್ನು ಒಬ್ಬರನ್ನೇ ಕಳಿಸುವುದು ಹೇಗೆ? ಜಿಪಿ ಫೋನಿನಲ್ಲೇ ವಿಚಾರಿಸಿ ಮಾತ್ರೆ ಬದಲಿಸಿದರು, ಗಂಟೆಗೊಮ್ಮೆ ಮೀಟರ್ ನೋಡಲು ಹೇಳಿದರು. ಮಧ್ಯಾಹ್ನ ಇಪ್ಪತ್ತೊಂದು. ಆಮೇಲೆ ಹತ್ತೊಂಬತ್ತು. ಸಂಜೆ ಐದಕ್ಕೆ ಹದಿನಾಲ್ಕು ಬಂದಾಗ ಲೋಹಿತ್ ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟ.

ನನಗೆ ಭಯ ಇಳಿದ ಜಾಗಕ್ಕೆ ಸಿಟ್ಟು ಬಂತು.

"ನಿಮಗೆ ಗೊತ್ತಿತ್ತು ತಾನೇ ಮಾವ? ಹದಿನೈದು ವರ್ಷದಿಂದ ಸಕ್ಕರೆ ಇರೋರಿಗೆ ಮೈಯಲ್ಲಿ ಏರಿದ್ದು ಗೊತ್ತಾಗಲ್ವಾ?"

"ಗೊತ್ತಾಗ್ತಿತ್ತು."

"ಮತ್ತೆ ಯಾಕೆ ಕುಡಿದ್ರಿ? ದಿನಾ ಯಾಕೆ ಕುಡಿದ್ರಿ? ಬೇಡ ಅನ್ನೋಕೆ ಏನಾಗಿತ್ತು? ನನ್ನ ಕೈಲಿ ನಿಮ್ಮನ್ನ ಕೊಲ್ಲಿಸ್ಬೇಕು ಅಂತಿದ್ರಾ?"

ಲೋಹಿತ್ "ಜ್ಯೋತ್ಸ್ನಾ!" ಎಂದು ತಡೆಯಲು ಬಂದ. ಮಾವ ಕೈ ಎತ್ತಿ ಅವನನ್ನು ಸುಮ್ಮನಾಗಿಸಿದರು. ಹಣೆಯ ವಿಭೂತಿ ಬೆವರಿಗೆ ಅಳಿಸಿಹೋಗಿತ್ತು.

"ನೀನು ಹೊಸ ಸೀರೆ ಉಟ್ಕಂಡು ಅನ್ನದ ಪಾತ್ರೆ ಹಿಡ್ಕಂಡು ಬಂದಿದ್ದೆ. ಬ್ಯಾಡ ಅಂದೆ. ನಿನ್ನ ಮುಖ ಹೆಂಗಾಯ್ತು ಅಂತ ನೋಡಿದೀನಿ ನಾನು. ಇಷ್ಟು ವರ್ಷ ಮರ್ತಿಲ್ಲ. ನೀನಾಗೇ ಮತ್ತೆ ಒಂದು ಲೋಟ ತಂದು ಮುಂದಿಟ್ಟಾಗ... ಇನ್ನೊಂದ್ ಸಲ ಆ ಮಾತು ಯಾವ ಬಾಯಲ್ಲಿ ಆಡ್ಲವ್ವ?"

ಅಷ್ಟು ವರ್ಷ ಸಾಕಿಕೊಂಡಿದ್ದ ಕೋಪವನ್ನು ಎಲ್ಲಿಡಬೇಕು ಎಂದು ನನಗೆ ತಿಳಿಯಲಿಲ್ಲ. ಅವರ ಕಾಲ ಬಳಿ ಕೂತು ಅತ್ತೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು.

"ಇನ್ಮೇಲೆ ಬೇಡ ಅನ್ಸಿದ್ರೆ ಬೇಡ ಅನ್ಬೇಕು" ಎಂದೆ ಮೂಗು ಒರೆಸಿಕೊಳ್ಳುತ್ತ. ಅವರು ಹೂಂ ಎಂದರು. ನನಗೆ ನಂಬಿಕೆ ಬರಲಿಲ್ಲ.

ವಾರ ಕಳೆಯುವಷ್ಟರಲ್ಲಿ ಮೀಟರ್ ಒಂಬತ್ತಕ್ಕೆ ಇಳಿಯಿತು. ಪೃಥ್ವಿಯನ್ನು ಕೇಳಿಕೊಂಡು ಹೊಸ ಸ್ಮೂದಿ ಮಾಡಿದೆ: ಪಾಲಕ್, ಸೌತೆಕಾಯಿ, ಪುದೀನ, ಹುಳಿ ಸೇಬಿನ ಒಂದು ಹೋಳು. ಹಸಿರು ಕೆಸರಿನಂತಿತ್ತು, ಸುಳ್ಳು ಹೇಳುವುದಿಲ್ಲ. ಪೂಜೆ ಮುಗಿಸಿ ಬಂದು ಕೂತ ಮಾವನ ಮುಂದಿಟ್ಟೆ. ಒಂದು ಗುಟುಕು ಕುಡಿದರು. ಕಷ್ಟಪಟ್ಟು ನುಂಗಿದರು. ಲೋಟವನ್ನು ಮತ್ತೆ ಬಾಯಿಯ ತನಕ ಎತ್ತಿದರು. ನಾನು ಸೊಂಟದ ಮೇಲೆ ಕೈಯಿಟ್ಟು ಅವರನ್ನೇ ನೋಡುತ್ತ ನಿಂತಿದ್ದೆ.

ಅವರು ಲೋಟ ಕೆಳಗಿಟ್ಟರು.

"ಬ್ಯಾಡ ಕಣವ್ವ. ದನ ತಿನ್ನೋ ಸೊಪ್ಪು ಇದ್ದಂಗೈತೆ."

ತನ್ವಿ ಕಿಸಕ್ಕನೆ ನಕ್ಕಳು. ನನಗೂ ನಗು ಬಂತು. ಲೋಟ ತೆಗೆಯಲು ಕೈ ಚಾಚಿದೆ. ಅವರು ಲೋಟ ಬಿಡಲಿಲ್ಲ. ನನ್ನತ್ತ ನೋಡದೆ, ಟೇಬಲ್ಲಿನ ಅಂಚು ಸವರುತ್ತ, ಸಣ್ಣ ದನಿಯಲ್ಲಿ ಕೇಳಿದರು:

"ಒಲೆ ಮ್ಯಾಲೆ ಏನೈತೆ?"

"ರಾಗಿ ರೊಟ್ಟಿ. ನನಗೆ, ತನ್ವಿಗೆ."

"ನಂಗೂ ಒಂದು ತಟ್ತೀಯಾ?"

ಇನ್ನೂ ಮೂವರಿಗಾಗುವಷ್ಟು ಹಿಟ್ಟಿತ್ತು. ಬಿಸಿ ರೊಟ್ಟಿಯನ್ನು ತಟ್ಟೆಗೆ ಹಾಕಿ ಮುಂದಿಟ್ಟೆ. ಅವರು ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡು, ನಿಧಾನವಾಗಿ ಅಗಿದು, "ಉಪ್ಪು ಸಾಲ್ದು" ಎಂದರು. ನಾನು ಉಪ್ಪಿನ ಡಬ್ಬಿ ತರಲು ಹೋದವಳು ಕಣ್ಣು ಒರೆಸಿಕೊಂಡು ಬರಲು ಸ್ವಲ್ಪ ತಡವಾಯಿತು.